ಬ್ರೇಕ್ ದೊಡ್ಡದಾಯಿತು, ಡಿಸ್ಕ್ ಎಲ್ಲಿಂದ ತರುವುದು?

ಕಾರಿನ ಬ್ರೇಕ್ ವ್ಯವಸ್ಥೆಯಲ್ಲಿ ಸವೆಯಲೆಂದೇ ಹುಟ್ಟಿದ ಭಾಗಗಳು ಎರಡು: ಪ್ಯಾಡ್ ಮತ್ತು ಡಿಸ್ಕ್. ಕ್ಯಾಲಿಪರ್ ಹಾಗಲ್ಲ. ಅದರ ರಬ್ಬರ್ ಸೀಲುಗಳನ್ನು ಆಗಾಗ ಬದಲಿಸುತ್ತ ಬಂದರೆ ಕಾರು ಇರುವಷ್ಟು ದಿನ ಅದೂ ಇರುತ್ತದೆ. ಆದರೂ ಬ್ರೇಕ್ ಅಪ್‌ಗ್ರೇಡ್ ಮಾಡಿಸುವವರ ಕಣ್ಣೆಲ್ಲ ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್ ಮೇಲೆಯೇ ಇರುತ್ತದೆ. ಅದರ ನಡುವೆ ತಿರುಗುವ ಎರಕದ ಕಬ್ಬಿಣದ ತಟ್ಟೆ ಯಾವ ಕಾರಿನದು, ಸವೆದ ಮೇಲೆ ಮತ್ತೊಂದು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ಯಾರೂ ಆಗ ಕೇಳುವುದಿಲ್ಲ. ಡಿಸ್ಕ್ ಅಂಚಿನಲ್ಲಿ ಉಗುರಿಗೆ ತಾಗುವಷ್ಟು ದಿಬ್ಬ ಎದ್ದಾಗ ಕೇಳುತ್ತಾರೆ. ಅಷ್ಟು ಹೊತ್ತಿಗೆ ಬೆಲೆಯ ವಿಷಯದಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಬದಲಿ ಡಿಸ್ಕ್ ಅಗ್ಗವೋ ದುಬಾರಿಯೋ ಎಂಬುದು ಕಿಟ್ ಆರಿಸಿದ ದಿನವೇ ಬಹುಪಾಲು ತೀರ್ಮಾನವಾಗಿರುತ್ತದೆ.

ಡಿಸ್ಕ್‌ನ ಕೆಲಸ ಕಾರಿನ ಓಟವನ್ನು ಶಾಖವಾಗಿ ಹೀರಿಕೊಂಡು ಗಾಳಿಗೆ ಬಿಡುವುದು. 1,400 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ ಸುಮಾರು 540 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚುಕಡಿಮೆ ಶೇ 70ರಷ್ಟು ಕೆಲಸ ಮುಂದಿನ ಚಕ್ರಗಳ ಪಾಲಿಗೆ ಬರುತ್ತದೆ. ಅಂದರೆ ಮುಂದಿನ ಒಂದೊಂದು ಡಿಸ್ಕ್‌ಗೆ 190 ಕಿಲೋಜೂಲ್ ಹತ್ತಿರ. ಪ್ಯಾಡ್ ಉಜ್ಜುವ ಉಂಗುರದ ತೂಕ 7 ಕಿಲೋ ಎಂದಿಟ್ಟುಕೊಂಡರೆ ಒಂದೇ ಬ್ರೇಕಿಗೆ ಅದರ ಬಿಸಿ 60 ಡಿಗ್ರಿಯಷ್ಟು ಏರುತ್ತದೆ. ಊರೊಳಗೆ ಇದು ಲೆಕ್ಕಕ್ಕಿಲ್ಲ, ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಆರಿರುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲೋ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲೋ ಸುತ್ತು ಸುತ್ತಿಗೂ ಗಟ್ಟಿಯಾಗಿ ಬ್ರೇಕ್ ಒತ್ತುವವರಿಗೆ ಆರುವ ಹೊತ್ತೇ ಸಿಗುವುದಿಲ್ಲ. ತುಂಬಿದ ಕಾರನ್ನು ಟಾಪ್ ಗೇರಿನಲ್ಲೇ ಆಗುಂಬೆ ಘಾಟಿಯಿಂದ ಇಳಿಸುವವರಿಗೂ ಅಷ್ಟೇ. ಬಿಸಿ ಏರುತ್ತ ಹೋಗಿ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ದ್ರವ ಕುದಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ದೊಡ್ಡ ಡಿಸ್ಕ್ ಹಾಕಿಸುವುದಕ್ಕೆ ಇದೇ ನಿಜವಾದ ಕಾರಣ. ಕಬ್ಬಿಣ ಹೆಚ್ಚಿದ್ದಷ್ಟೂ ಶಾಖ ಹಿಡಿಯುವ ಶಕ್ತಿ ಹೆಚ್ಚು.

ಆ ಕಬ್ಬಿಣದಲ್ಲಿ ಗುಟ್ಟೇನೂ ಇಲ್ಲ. ಸಾಧಾರಣ ಹ್ಯಾಚ್‌ಬ್ಯಾಕ್‌ನ ಡಿಸ್ಕ್ ಆಗಲಿ, ಹೆಸರಾಂತ ಇಟಲಿ ಕಂಪನಿಯ ಕಿಟ್‌ನ ಡಿಸ್ಕ್ ಆಗಲಿ, ಬಹುತೇಕ ಎಲ್ಲವೂ ಬೂದು ಎರಕದ ಕಬ್ಬಿಣದವೇ. ಅದರೊಳಗಿನ ಗ್ರಾಫೈಟ್ ಪದರಗಳು ಶಾಖವನ್ನು ಬೇಗ ಹರಡುತ್ತವೆ, ಕಂಪನವನ್ನೂ ಹೀರಿಕೊಳ್ಳುತ್ತವೆ. ಮಿಶ್ರಣದ ಹದ, ಎರಕದ ಅಚ್ಚುಕಟ್ಟು, ಯಂತ್ರದಲ್ಲಿ ಕೆತ್ತಿದ ನಿಖರತೆಗಳಲ್ಲಿ ವ್ಯತ್ಯಾಸವಿದೆ, ನಿಜ. ಆದರೆ ಒಂದು ಡಿಸ್ಕ್ ಇನ್ನೊಂದರ ನಾಲ್ಕೈದು ಪಟ್ಟು ಬೆಲೆ ಬಾಳುವುದಕ್ಕೆ ಆ ವ್ಯತ್ಯಾಸ ಸಾಲದು. ಬೆಲೆ ನಿಂತಿರುವುದು ಸಂಖ್ಯೆಯ ಮೇಲೆ. ಲಕ್ಷಗಟ್ಟಲೆ ಮಾರಾಟವಾದ ಕಾರಿನ ಡಿಸ್ಕ್‌ಗೆ ಹತ್ತಾರು ತಯಾರಕರು ಅಚ್ಚು ಮಾಡಿಟ್ಟುಕೊಂಡಿರುತ್ತಾರೆ. ಕೆಲವೇ ನೂರು ಮಂದಿ ಕೊಂಡ ಕಿಟ್‌ನ ಡಿಸ್ಕ್‌ಗೆ ಅಚ್ಚು ಇರುವುದು ಒಬ್ಬರ ಬಳಿ ಮಾತ್ರ, ಅವರು ಹೇಳಿದ್ದೇ ರೇಟು.

ಈ ಮಾತಿಗೆ ಸುಬಾರು ಇಂಪ್ರೆಝಾಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ ಕಾರಿಗೆ ಅದರ ಅಣ್ಣನಾದ ಎಸ್‌ಟಿಐ ಮಾದರಿಯ ಬ್ರೆಂಬೊ ಬ್ರೇಕ್ ಹಾಕಿಸುವುದು ಅಮೆರಿಕದಲ್ಲಿ ಬಹುಕಾಲದಿಂದ ನಡೆದುಬಂದಿರುವ ಅಪ್‌ಗ್ರೇಡ್. ಮುಂದೆ ನಾಲ್ಕು ಪಿಸ್ಟನ್, ಹಿಂದೆ ಎರಡು ಪಿಸ್ಟನ್. ಮುಂದಿನ ಡಿಸ್ಕ್ 326 ಮಿ.ಮೀ. ವ್ಯಾಸ, 30 ಮಿ.ಮೀ. ದಪ್ಪ, ಹಿಂದಿನದು 316 ಮಿ.ಮೀ. ವ್ಯಾಸ, 20 ಮಿ.ಮೀ. ದಪ್ಪ. ಒಳಗೆ ಕೂರಿಸಲು ಕನಿಷ್ಠ 17 ಇಂಚಿನ ಚಕ್ರ ಬೇಕು. ಕ್ಯಾಲಿಪರ್ ಬೋಲ್ಟ್ ಹಾಕಿದರೆ ಕೂತುಬಿಡುತ್ತದೆ, ಬ್ರಾಕೆಟ್ ಮಾಡಿಸುವ ತಲೆನೋವಿಲ್ಲ. ತೊಡಕು ಇರುವುದು ಡಿಸ್ಕ್‌ನಲ್ಲಿ.

ಅಮೆರಿಕಕ್ಕೆ ಎಸ್‌ಟಿಐ ಬಂದದ್ದು 2004ರ ಮಾದರಿಯಾಗಿ. ಆ ವರ್ಷದ ಕಾರಿನ ಚಕ್ರದ ಬೋಲ್ಟ್‌ಗಳು 100 ಮಿ.ಮೀ. ವೃತ್ತದಲ್ಲಿ ಐದು, ಅಂದರೆ ಗ್ಯಾರೇಜಿನ ಮಾತಿನಲ್ಲಿ 5×100 ಪಿಸಿಡಿ. ಮರುವರ್ಷವೇ ಸುಬಾರು ಹಬ್ ಗಟ್ಟಿಮಾಡಲು ಹೋಗಿ ಅದನ್ನು 5×114.3 ಮಾಡಿತು. ಡಬ್ಲ್ಯುಆರ್‌ಎಕ್ಸ್ ಮಾತ್ರ 2014ರ ಮಾದರಿಯವರೆಗೂ 5×100ರಲ್ಲೇ ಉಳಿಯಿತು. ಹಾಗಾಗಿ ಸಲೀಸಾಗಿ ಸಿಗುವ 2005ರ ನಂತರದ ಎಸ್‌ಟಿಐ ಡಿಸ್ಕ್ ಡಬ್ಲ್ಯುಆರ್‌ಎಕ್ಸ್ ಹಬ್ಬಿಗೆ ಕೂರುವುದಿಲ್ಲ. ಕೂರುವ ಡಿಸ್ಕ್ ಬೇಕೆಂದರೆ 2004ರ ಎಸ್‌ಟಿಐ ಹೆಸರು ಹೇಳಿ ಕೇಳಬೇಕು. ಹಾಗೆ ಕೇಳುವವರ ಸಂಖ್ಯೆ ಸಾಕಷ್ಟಿರುವುದರಿಂದ ಬೇರೆ ಬೇರೆ ತಯಾರಕರು ಅದನ್ನು ಇಂದಿಗೂ ಎರಕ ಹೊಯ್ಯುತ್ತಿದ್ದಾರೆ. ಒಂದೇ ಡಿಸ್ಕ್‌ಗೆ ಎರಡೂ ಪಿಸಿಡಿಯ ರಂಧ್ರ ಕೊರೆದು ಮಾರುವವರೂ ಇದ್ದಾರೆ.

ಹಿಂದಿನ ಡಿಸ್ಕ್‌ನದು ಇನ್ನೊಂದು ಕಥೆ. ಅದರ ಟೋಪಿಯಂಥ ನಡುಭಾಗದೊಳಗೆ ಹ್ಯಾಂಡ್ ಬ್ರೇಕಿನ ಪುಟ್ಟ ಡ್ರಮ್ ಅಡಗಿರುತ್ತದೆ. ಹಳೆಯ ಕಾರುಗಳಲ್ಲಿ ಈ ಡ್ರಮ್ಮಿನ ಒಳವ್ಯಾಸ 170 ಮಿ.ಮೀ., ಆಮೇಲಿನವುಗಳಲ್ಲಿ 190. ವ್ಯಾಸ, ದಪ್ಪ, ಪಿಸಿಡಿ ಎಲ್ಲ ಸರಿಯಿದ್ದೂ ಈ 20 ಮಿ.ಮೀ. ಗಮನಿಸದೆ ತರಿಸಿದರೆ ಒಂದೋ ಡಿಸ್ಕ್ ಒಳಗೇ ಹೋಗುವುದಿಲ್ಲ, ಇಲ್ಲವೇ ಹೋಗಿ ಕೂತು ಹ್ಯಾಂಡ್ ಬ್ರೇಕ್ ಹಿಡಿಯುವುದೇ ಇಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವವರೆಗೆ ಅದು ಗೊತ್ತಾಗುವುದಿಲ್ಲ.

ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಇದೇ ಉಪಾಯ ಇನ್ನಷ್ಟು ಹುಲುಸಾಗಿ ಬೆಳೆದಿದೆ. ಯುರೋಪಿನ ಹಳೇ ಗಾಲ್ಫ್ ಪ್ರಿಯರು ಪೋರ್ಷೆ ಬಾಕ್ಸ್‌ಸ್ಟರ್‌ನ ನಾಲ್ಕು ಪಿಸ್ಟನ್ ಕ್ಯಾಲಿಪರ್‌ಗಳನ್ನು ಗುಜರಿಯಿಂದ ತಂದು, ಅದರ ಜೊತೆ ಮೊದಲ ತಲೆಮಾರಿನ ಆಡಿ ಟಿಟಿಯ 312 ಮಿ.ಮೀ. ವ್ಯಾಸ, 25 ಮಿ.ಮೀ. ದಪ್ಪದ ಡಿಸ್ಕ್ ಹಾಕುತ್ತಾರೆ. ನಡುವೆ ಬೇಕಾದ ಬ್ರಾಕೆಟ್ ಒಂದನ್ನು ಮಾತ್ರ ವಿಶೇಷವಾಗಿ ಮಾಡಿಸಿದರೆ ಸಾಕು. ಬ್ರಾಕೆಟ್ ಸವೆಯುವುದಿಲ್ಲ. ಸವೆಯುವ ಡಿಸ್ಕ್ ಮಾತ್ರ ಟಿಟಿ, ಗಾಲ್ಫ್, ಸಿಯಾಟ್ ಲಿಯೋನ್, ಭಾರತದಲ್ಲೂ ಮಾರಾಟವಾಗಿದ್ದ ಮೊದಲ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಹೀಗೆ ಎಷ್ಟೋ ಕಾರುಗಳಿಗೆ ಒಂದೇ. ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಕೇಳಬಹುದು. ವಿಶೇಷವಾದದ್ದೆಲ್ಲ ಸವೆಯದ ಭಾಗದಲ್ಲಿ, ಸಾಮಾನ್ಯವಾದದ್ದು ಸವೆಯುವ ಭಾಗದಲ್ಲಿ. ಬ್ರೇಕ್ ಅಪ್‌ಗ್ರೇಡ್ ಹೀಗೆ ಇರಬೇಕು.

ಇಲ್ಲೂ ಒಂದು ಬಲೆ ಇದೆ. ಐದನೇ ತಲೆಮಾರಿನ ಗಾಲ್ಫ್ ಜಿಟಿಐ ಮುಂದೆಯೂ 312×25 ಡಿಸ್ಕೇ ಇದೆ, ಆದರೆ ಅದರ ಪಿಸಿಡಿ 5×112. ಆಕ್ಟೇವಿಯಾದ್ದೂ ಹಾಗೆಯೇ: ಮೊದಲ ತಲೆಮಾರು 5×100, ಭಾರತದಲ್ಲಿ ಲಾರಾ ಎಂದು ಹೆಸರಾದ ಎರಡನೇ ತಲೆಮಾರು 5×112. ‘ಆಕ್ಟೇವಿಯಾದ 312 ಡಿಸ್ಕ್ ಕೊಡಿ’ ಎಂದಷ್ಟೇ ಕೇಳಿದವರಿಗೆ ತಪ್ಪು ಪೆಟ್ಟಿಗೆ ಸಿಕ್ಕರೆ ಅಂಗಡಿಯವನದು ತಪ್ಪಲ್ಲ. ನಮ್ಮ ಪೋಲೊ, ವೆಂಟೊಗಳ ಹಬ್ 5×100 ಆದ್ದರಿಂದ ಅವಕ್ಕೆ ದೊಡ್ಡ ಬ್ರೇಕ್ ಹಾಕಿಸುವವರು ಹುಡುಕಬೇಕಾದದ್ದು ಹಳೇ ತಲೆಮಾರಿನ ಡಿಸ್ಕ್‌ಗಳನ್ನೇ.

ಎರಡು ತುಂಡಿನ ಡಿಸ್ಕ್‌ಗಳ ಲೆಕ್ಕಾಚಾರ ಬೇರೆ. ಇವುಗಳಲ್ಲಿ ನಡುವಿನ ಟೋಪಿ ಅಲ್ಯೂಮಿನಿಯಮ್ಮಿನದು, ಹೊರಗಿನ ಉಂಗುರ ಕಬ್ಬಿಣದ್ದು. ಎರಡನ್ನೂ ಬೋಲ್ಟ್‌ಗಳು ಹಿಡಿದಿರುತ್ತವೆ. ತೂಕ ಕಡಿಮೆ. ಫ್ಲೋಟಿಂಗ್ ಜೋಡಣೆಯಾದರೆ ಬಿಸಿಯಾದ ಉಂಗುರ ಹಿಗ್ಗಲು ಜಾಗವೂ ಇರುತ್ತದೆ. ಮೊದಲ ಸಲ ಕೊಳ್ಳುವಾಗ ದುಡ್ಡು ಜಾಸ್ತಿಯೇ. ಸವೆದಾಗ ಉಂಗುರವನ್ನಷ್ಟೇ ಬದಲಿಸಿ ಟೋಪಿಯನ್ನು ಉಳಿಸಿಕೊಳ್ಳಬಹುದೆಂಬುದು ಮಾರುವವರ ಸಮಾಧಾನ. ಆ ಸಮಾಧಾನ ಕೆಲವೊಮ್ಮೆ ನಿಜ, ಕೆಲವೊಮ್ಮೆ ಅಲ್ಲ. ಹಲವು ಕಂಪನಿಗಳ ಬರೀ ಉಂಗುರವೇ ಸಾಧಾರಣ ಒಂದು ತುಂಡಿನ ಡಿಸ್ಕ್‌ನ ಎರಡು ಮೂರು ಪಟ್ಟು ಬೆಲೆ ಬಾಳುತ್ತದೆ.

ಇದಕ್ಕೆ ಹೊರತಾದದ್ದು ಅಮೆರಿಕದ ವಿಲ್‌ವುಡ್. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಕಂಪನಿಯ ಮೂಲ ಗಿರಾಕಿಗಳು ರೇಸಿನವರು. ಅಲ್ಲಿನ ಊರೂರಿನ ಓವಲ್ ಟ್ರ್ಯಾಕುಗಳಲ್ಲಿ ಓಡುವ ಕಾರುಗಳು ಡಿಸ್ಕ್‌ಗಳನ್ನು ಪಲ್ಯದ ಹಾಗೆ ಖಾಲಿ ಮಾಡುತ್ತವೆ. ಅದಕ್ಕಾಗಿ ರೂಢಿಗೆ ಬಂದ ಅಳತೆಗಳಲ್ಲಿ ಒಂದು 12.19 ಇಂಚು ವ್ಯಾಸ, 0.81 ಇಂಚು ದಪ್ಪ, 7 ಇಂಚಿನ ವೃತ್ತದಲ್ಲಿ 8 ಬೋಲ್ಟ್. ಮಿಲಿಮೀಟರಿನಲ್ಲಿ ಹೇಳುವುದಾದರೆ ಸುಮಾರು 310 ವ್ಯಾಸ, 20.6 ದಪ್ಪ. ರಸ್ತೆ ಕಾರುಗಳಿಗೆ ಮಾಡಿದ ವಿಲ್‌ವುಡ್ ಕಿಟ್‌ಗಳಲ್ಲೂ ಇದೇ ಬಗೆಯ ರೂಢಿಯ ಉಂಗುರಗಳು ಬರುವುದರಿಂದ, ಗೆರೆ ತೂತುಗಳಿಲ್ಲದ ಸಾದಾ ಉಂಗುರ ರೇಸ್ ಸಾಮಾನಿನ ಅಂಗಡಿಗಳಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತದೆ. ಕಿಟ್ ಕೊಂಡ ಪೆಟ್ಟಿಗೆಯ ಮೇಲಿನ ಹೊಳೆಯುವ ಹೆಸರಿಗಿಂತ ಅದರೊಳಗಿನ ಉಂಗುರದ ಭಾಗ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ಉಂಗುರ ಬದಲಿಸುವಾಗ ಬೋಲ್ಟ್, ನಟ್‌ಗಳನ್ನೂ ಹೊಸದು ಹಾಕಿ, ಹೇಳಿದಷ್ಟೇ ಟಾರ್ಕ್‌ಗೆ ಬಿಗಿಯಬೇಕು. ಈ ಕೆಲಸದಲ್ಲಿ ಅಂದಾಜು ನಡೆಯುವುದಿಲ್ಲ.

ಪೋರ್ಷೆ 2001ರಲ್ಲಿ 911 ಜಿಟಿ2 ಜೊತೆ ತಂದ ಕಾರ್ಬನ್ ಸೆರಾಮಿಕ್ ಡಿಸ್ಕ್‌ಗಳಲ್ಲಿ ಅಗ್ಗದ ಬದಲಿ ಎಂಬ ಮಾತೇ ಇಲ್ಲ. ಒಂದೊಂದಕ್ಕೆ ಸಾವಿರಾರು ಡಾಲರ್. ಟ್ರ್ಯಾಕಿಗೆ ಹೋಗುವ ಮಾಲೀಕರು ಅವನ್ನು ಬಿಚ್ಚಿ ಜೋಪಾನವಾಗಿಟ್ಟು ಕಬ್ಬಿಣದ ಡಿಸ್ಕ್ ಹಾಕಿಸಿಕೊಳ್ಳುವುದು ರೂಢಿ. ತೂಕ ಏರಿದರೂ ಜೇಬು ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಬಂದ, ಊರು ಹೆಸರಿಲ್ಲದ ಕಿಟ್ಟಿಗೆ ಡಿಸ್ಕ್ ಹುಡುಕುವುದು ಎಲ್ಲಕ್ಕಿಂತ ಕಷ್ಟ. ಆಗ ದಾರಿ ತೋರುವುದು ವರ್ನಿಯರ್ ಕ್ಯಾಲಿಪರ್ ಒಂದೇ. ಹೊರವ್ಯಾಸ, ಸವೆಯದ ಅಂಚಿನಲ್ಲಿ ದಪ್ಪ, ಮಧ್ಯದ ರಂಧ್ರದ ವ್ಯಾಸ, ಪಿಸಿಡಿ ಇವಿಷ್ಟನ್ನು ಎಲ್ಲರೂ ಅಳೆಯುತ್ತಾರೆ. ಬಹಳ ಜನ ಮರೆಯುವುದು ಒಟ್ಟು ಎತ್ತರವನ್ನು. ಡಿಸ್ಕನ್ನು ಸಮತಟ್ಟಾದ ಮೇಜಿನ ಮೇಲೆ ಮಗುಚಿಟ್ಟರೆ ಮೇಜಿನಿಂದ ಟೋಪಿಯ ತುದಿಯವರೆಗಿನ ಅಳತೆ ಅದು. ಎರಡು ಮೂರು ಮಿ.ಮೀ. ಹೆಚ್ಚುಕಡಿಮೆಯಾದರೂ ಡಿಸ್ಕ್ ಕ್ಯಾಲಿಪರ್ ಬಾಯಿಯ ನಟ್ಟನಡುವೆ ನಿಲ್ಲದೆ ಒಂದು ಕಡೆಗೆ ವಾಲುತ್ತದೆ, ಇಲ್ಲವೇ ಕ್ಯಾಲಿಪರ್ ಮೈಗೇ ತಾಗುತ್ತದೆ. ಹಲವು ಡಿಸ್ಕ್‌ಗಳ ಟೋಪಿಯ ಮೇಲೋ ಅಂಚಿನಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಓದಬಹುದು. ಈ ಅಳತೆಗಳು ಕೈಯಲ್ಲಿದ್ದರೆ ತಯಾರಕರ ಕ್ಯಾಟಲಾಗ್‌ಗಳಲ್ಲಿ ಕಾರಿನ ಹೆಸರಿನ ಬದಲು ಅಳತೆಯಿಂದಲೇ ಹುಡುಕಬಹುದು. ಅನಾಮಧೇಯ ಕಿಟ್‌ನ ಡಿಸ್ಕ್ ಯಾವುದೋ ಸಾಮಾನ್ಯ ಸೆಡಾನಿನದೇ ಎಂದು ತಿಳಿದುಬರುವುದುಂಟು. ಮಧ್ಯದ ರಂಧ್ರ ಅಥವಾ ಪಿಸಿಡಿ ಮಾತ್ರ ಬೇರೆಯಾಗಿದ್ದರೆ ಒಳ್ಳೆಯ ಮೆಷಿನ್ ಶಾಪ್‌ನಲ್ಲಿ ಕೊರೆಸಿಕೊಳ್ಳುವವರಿದ್ದಾರೆ. ರಂಧ್ರಗಳ ಕೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಚಕ್ರ ನಡುಗುತ್ತದೆ. ಹೊಸ ರಂಧ್ರ ಹಳೆಯದಕ್ಕೆ ತೀರಾ ಹತ್ತಿರ ಬಂದರೆ ಆ ಡಿಸ್ಕ್ ಕೈಬಿಡುವುದೇ ಲೇಸು.

ದುಡ್ಡು ಉಳಿಸುವ ಇನ್ನೊಂದು ಸುಲಭ ಜಾಗ ತೂತು ಮತ್ತು ಗೆರೆ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಮಳೆಯಲ್ಲಿ ಮೊದಲ ಹಿಡಿತ ಬೇಗ ಬರುತ್ತದೆ. ಆದರೆ ಬಿಸಿ ತಣ್ಣಗೆ ಮರುಕಳಿಸಿದಾಗ ಬಿರುಕು ಶುರುವಾಗುವುದು ಆ ತೂತುಗಳಿಂದಲೇ, ಟ್ರ್ಯಾಕಿನಲ್ಲಿ ಅದಕ್ಕೆ ಆಯುಷ್ಯ ಕಡಿಮೆ. ಗೆರೆ ಕೊರೆದದ್ದು ಪ್ಯಾಡ್‌ನ ಮೇಲ್ಮೈಯನ್ನು ಕೆರೆದು ತಾಜಾ ಇಡುತ್ತದೆ, ಪ್ಯಾಡನ್ನು ಸ್ವಲ್ಪ ಬೇಗ ಸವೆಸುತ್ತದೆ. ಸಾದಾ ಡಿಸ್ಕ್‌ನಲ್ಲಿ ಕಬ್ಬಿಣ ಹೆಚ್ಚು, ಬೆಲೆ ಕಡಿಮೆ, ರಸ್ತೆ ಓಡಾಟಕ್ಕೆ ಅದರಿಂದ ನಷ್ಟವೇನಿಲ್ಲ. ನಿಜವಾಗಿ ನೋಡಬೇಕಾದದ್ದು ಎರಡು ಮುಖಗಳ ನಡುವಿನ ಗಾಳಿ ದಾರಿಗಳನ್ನು. ಬಾಗಿದ ರೆಕ್ಕೆಗಳಿರುವ ಡಿಸ್ಕ್‌ಗೆ ಎಡ ಬಲ ಎಂಬುದಿದೆ: ಕಾರು ಮುಂದೆ ಓಡುವಾಗ ರೆಕ್ಕೆಗಳು ಕೇಂದ್ರದಿಂದ ಹೊರಕ್ಕೆ ಹೋಗುತ್ತ ಹಿಂದಕ್ಕೆ ಬಾಗಿರಬೇಕು. ಮೇಲ್ಮೈಯ ಗೆರೆಗಳನ್ನು ನೋಡಿ ದಿಕ್ಕು ತೀರ್ಮಾನಿಸಿ ಅದಲುಬದಲು ಹಾಕಿಬಿಡುವ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ಒಂದೇ ಭಾಗ ಸಂಖ್ಯೆಯ ಬಾಗು ರೆಕ್ಕೆ ಡಿಸ್ಕ್ ಎರಡೂ ಬದಿಗೆ ಎಂದು ಮಾರುತ್ತಿದ್ದರೆ ಒಂದು ಬದಿಯಲ್ಲಿ ಅದು ತಿರುವುಮುರುವಾಗಿ ತಿರುಗುತ್ತಿದೆ ಎಂದೇ ಅರ್ಥ.

ಅಗ್ಗದಲ್ಲೂ ಮಟ್ಟಗಳಿವೆ. ಝಿಮ್ಮರ್‌ಮನ್, ಎಟಿಇ, ಟೆಕ್ಸ್‌ಟಾರ್‌ನಂಥ ಜರ್ಮನ್ ಹೆಸರುಗಳು, ಟಿಆರ್‌ಡಬ್ಲ್ಯು, ಆಸ್ಟ್ರೇಲಿಯಾದ ಡಿಬಿಎ, ಅಷ್ಟೇಕೆ ಬ್ರೆಂಬೊ ಕೂಡ ಸಾಧಾರಣ ಕಾರುಗಳ ಬದಲಿ ಡಿಸ್ಕ್ ಮಾರುತ್ತವೆ. ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬರುವುದಕ್ಕಿಂತ ಇವು ಸಾಮಾನ್ಯವಾಗಿ ಅಗ್ಗ. ಯುರೋಪಿನಲ್ಲಿ 2016ರ ನವೆಂಬರ್ ನಂತರ ಅನುಮೋದನೆ ಪಡೆದ ಹೊಸ ಮಾದರಿಯ ಕಾರುಗಳಿಗೆ ಮಾರುವ ಬದಲಿ ಡಿಸ್ಕ್ ಆರ್90 ಎಂಬ ನಿಯಮದ ಪರೀಕ್ಷೆಗಳನ್ನು ದಾಟಬೇಕು. ಆ ಗುರುತು ಡಿಸ್ಕ್ ಮೇಲೆ ಇರುತ್ತದೆ. ಹೆಸರಾಗಲಿ ಗುರುತಾಗಲಿ ಭಾಗ ಸಂಖ್ಯೆಯಾಗಲಿ ಇಲ್ಲದ ಡಿಸ್ಕ್ ಎಷ್ಟೇ ಅಗ್ಗವಾದರೂ ಬೇಡ. ಅಂಥವುಗಳಲ್ಲಿ ಎರಡು ಮುಖಗಳ ದಪ್ಪ ಒಂದೇ ಸಮ ಇರುವುದಿಲ್ಲ, ಸಮತೋಲನ ಮಾಡಿರುವುದಿಲ್ಲ.

ಭಾರತದಲ್ಲಿ ಲೆಕ್ಕಕ್ಕೆ ಇನ್ನೊಂದು ಅಂಶ ಸೇರುತ್ತದೆ: ತೂಕ. 326 ಮಿ.ಮೀ. ಡಿಸ್ಕ್ ಒಂದು ಸುಮಾರು 10 ಕಿಲೋ ತೂಗುತ್ತದೆ. ಜೋಡಿಯನ್ನು ಹೊರದೇಶದಿಂದ ವಿಮಾನದಲ್ಲಿ ತರಿಸಿದರೆ ಸಾಗಣೆಯೇ ಡಿಸ್ಕ್ ಬೆಲೆಗೆ ಸಮವಾಗಬಹುದು, ಮೇಲಾಗಿ ಸುಂಕವನ್ನು ಸಾಗಣೆ ವೆಚ್ಚವನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಅಲ್ಲಿ ಅಗ್ಗವಾದದ್ದು ಇಲ್ಲಿ ಅಗ್ಗವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಭಾರತದಲ್ಲೇ ಮಾರಾಟವಾದ ಯಾವುದಾದರೂ ದೊಡ್ಡ ಕಾರಿನ ಡಿಸ್ಕ್ ಅಳತೆಗೆ ಹೊಂದುತ್ತದೆಯೇ ಎಂದು ಮೊದಲು ನೋಡುವುದು ಜಾಣತನ. ಮಾರ್ಪಾಡಿನ ವಿಷಯವನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸದಿದ್ದರೆ ಅಪಘಾತದ ಕ್ಲೇಮಿನ ಹೊತ್ತಿಗೆ ತಕರಾರು ಬರಬಹುದು ಎಂಬುದನ್ನೂ ಖರ್ಚಿನ ಬಾಬತ್ತಿಗೆ ಸೇರಿಸಿಕೊಳ್ಳಬೇಕು.

ಕೆಲವೊಮ್ಮೆ ಹೊಸ ಡಿಸ್ಕೇ ಬೇಕಾಗಿರುವುದಿಲ್ಲ. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ‘ಡಿಸ್ಕ್ ಬೆಂಡಾಗಿದೆ’ ಎನ್ನುವುದು ಗ್ಯಾರೇಜಿನ ಸಿದ್ಧ ಉತ್ತರ. ರೇಸ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಇದನ್ನು ಒಪ್ಪುತ್ತಿರಲಿಲ್ಲ. ಬಿಸಿಯಾದ ಪ್ಯಾಡ್‌ನ ವಸ್ತು ಡಿಸ್ಕ್ ಮೇಲೆ ಅಲ್ಲಲ್ಲಿ ಹೆಚ್ಚುಕಡಿಮೆ ಅಂಟಿಕೊಂಡು ದಪ್ಪ ಏರುಪೇರಾಗುವುದೇ ಹೆಚ್ಚಿನ ನಡುಕಗಳಿಗೆ ಕಾರಣ ಎಂಬುದು ಅವರ ವಾದ. ಮಿಲಿಮೀಟರಿನ ನೂರನೇ ಒಂದೆರಡು ಪಾಲಿನ ವ್ಯತ್ಯಾಸವೂ ಕೈಗೆ ಗೊತ್ತಾಗುತ್ತದೆ. ಹೊಸದರಲ್ಲೇ ಆದ ನಡುಕ ಕೆಲವೊಮ್ಮೆ ಕ್ರಮವಾಗಿ ಮತ್ತೆ ಪ್ಯಾಡ್ ಪಳಗಿಸಿದರೆ ಹೋಗುತ್ತದೆ. ಹೋಗದಿದ್ದರೆ ಕಾರಿನಲ್ಲೇ ಕೂರಿಸಿ ಮುಖ ಹೊಡೆಯುವ ಲೇತ್ ಇದ್ದಲ್ಲಿ ತೆಳುವಾಗಿ ಒಂದು ಪದರ ತೆಗೆಸಬಹುದು. ಮುಂದಿನ ಎಸ್‌ಟಿಐ ಡಿಸ್ಕ್ 30 ಮಿ.ಮೀ.ನಿಂದ 28ಕ್ಕೆ ಇಳಿಯುವವರೆಗೆ ಮಾತ್ರ ಬಳಸಬಹುದು. ಆ ಎರಡು ಮಿ.ಮೀ.ನಲ್ಲಿ ಲೇತ್ ತಿನ್ನುವುದೆಷ್ಟು, ಪ್ಯಾಡ್‌ಗೆ ಉಳಿಯುವುದೆಷ್ಟು ಎಂಬ ಲೆಕ್ಕ ಹಾಕಿದರೆ ಹೊಸದೇ ಮೇಲು ಅನಿಸುವುದು ಹೆಚ್ಚು. ಕನಿಷ್ಠ ದಪ್ಪ ದಾಟಿದ ಡಿಸ್ಕನ್ನು ಲೇತ್‌ಗೆ ಹಾಕಿಸುವ ಮಾತೇ ಇಲ್ಲ.

ಅಗ್ಗದ ಡಿಸ್ಕ್ ಚೆನ್ನಾಗಿ ಬಾಳುವುದು ಬಿಡುವುದು ಕೂರಿಸುವ ರೀತಿಯಲ್ಲಿದೆ. ಹಬ್ ಮುಖದ ಮೇಲಿನ ತುಕ್ಕಿನ ಒಂದು ಹಕ್ಕಳೆ ಡಿಸ್ಕ್‌ನ ಹೊರ ಅಂಚಿಗೆ ಬರುವಷ್ಟರಲ್ಲಿ ದೊಡ್ಡ ಓಲಾಟವಾಗುತ್ತದೆ. ಹಬ್ಬನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಡಿಸ್ಕ್ ಮೇಲಿನ ರಕ್ಷಣಾ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು, ಎಲ್ಲ ನಟ್ ಬಿಗಿದ ಮೇಲೆ ಡಯಲ್ ಗೇಜ್ ಹಿಡಿದು ತಿರುಗಿಸಿ ನೋಡಬೇಕು. ಓಲಾಟ 0.05 ಮಿ.ಮೀ. ಒಳಗಿದ್ದರೆ ಒಳ್ಳೆಯದು. ಹೆಚ್ಚಿದ್ದರೆ ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿದಾಗ ಎಷ್ಟೋ ಸಲ ಸರಿಹೋಗುತ್ತದೆ. ಡಿಸ್ಕ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು, ಪ್ಯಾಡ್ ಜೊತೆಗೇ ಹೊಸದಾಗಬೇಕು.

ಕಿಟ್ ಕೊಳ್ಳಲು ಹೊರಟವರು ಕ್ಯಾಲಿಪರ್‌ಗೆ ಮುಂಗಡ ಕೊಡುವ ಮೊದಲು ಅದರ ಡಿಸ್ಕ್ ಅಥವಾ ಉಂಗುರದ ಭಾಗ ಸಂಖ್ಯೆ ಕೇಳಿ ಪಡೆದು, ಅದೇ ಡಿಸ್ಕ್ ಬೇರೆ ಇಬ್ಬರು ಮಾರಾಟಗಾರರ ಬಳಿ ಸಿಗುತ್ತದೆಯೇ ವಿಚಾರಿಸಲಿ. ಸಂಖ್ಯೆ ಹೇಳಲು ಹಿಂಜರಿಯುವವರ ಕಿಟ್ ಬಿಟ್ಟುಬಿಡುವುದು ಒಳ್ಳೆಯದು. ಅಂಥದ್ದು ಈಗಾಗಲೇ ಕಾರಿನಲ್ಲಿದ್ದು, ಕಾರು ಟ್ರ್ಯಾಕಿಗೆ ಹೋಗುವುದೇ ಇಲ್ಲವಾದರೆ, ಕಂಪನಿಯ ಹಳೇ ಬ್ರೇಕ್ ಹಾಕಿಸಿ, ಒಳ್ಳೆಯ ಪ್ಯಾಡ್ ಮತ್ತು ಹೊಸ ಬ್ರೇಕ್ ದ್ರವಕ್ಕೆ ಖರ್ಚು ಮಾಡುವುದೇ ಎಲ್ಲಕ್ಕಿಂತ ಅಗ್ಗ.